ಶಾಪಿಫೈ ಸಿಎಲ್‌ಐ ಜೊತೆ ಎರಡು ಮಳೆಗಾಲ: ಪುಶ್ ಕೊಡುವ ಮೊದಲು ಪುಲ್ ಮಾಡಿ ಮಾರಾಯ್ರೆ

ಉಡುಪಿಯ ಕುಂಜಿಬೆಟ್ಟಿನ ಬಾಡಿಗೆ ಕೋಣೆ, 8 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್. ಗಿರಾಕಿಗಳು ಹೆಚ್ಚಿನವರು ಹಪ್ಪಳ, ಉಪ್ಪಿನಕಾಯಿ, ಸೀರೆ ಮಾರುವವರು. ಅವರ ಶಾಪಿಫೈ ಆನ್‌ಲೈನ್ ಅಂಗಡಿಯ ಥೀಮ್ (ಅಂಗಡಿಯ ರೂಪದ ಕೋಡ್) ನನ್ನ ಲ್ಯಾಪ್‌ಟಾಪಿನಲ್ಲಿ ತಿದ್ದಿ ಮೇಲೆ ಕಳಿಸಲಿಕ್ಕೆ ಶಾಪಿಫೈ ಸಿಎಲ್‌ಐ, ಕಮಾಂಡ್ ಟೈಪ್ ಮಾಡಿ ನಡೆಸುವ ಟೂಲ್. ಇದಕ್ಕೆ ದುಡ್ಡು ಕೊಡಲಿಕ್ಕಿಲ್ಲ, ನನ್ನಂಥವನಿಗೆ ಅದೇ ದೊಡ್ಡ ಸಮಾಧಾನ. ಹಿಂದೆ ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೂ ಹಾಕಿಕೊಳ್ಳಬೇಕಿತ್ತು, ಈಗ ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಸಾಫ್ಟ್‌ವೇರ್) ಇದ್ದರೆ ಆಯ್ತು.

ಬೆಳಿಗ್ಗೆ ಚಾಕ್ಕೆ ನೀರಿಟ್ಟು ‘ಥೀಮ್ ಡೆವ್’ ಕಮಾಂಡ್ ಕೊಟ್ಟು ಬರ್ತೇನೆ. ಚಾ ಸೋಸುವಷ್ಟರಲ್ಲಿ ನನ್ನ ಲ್ಯಾಪ್‌ಟಾಪಿನದ್ದೇ ಲೋಕಲ್ ವಿಳಾಸದಲ್ಲಿ, 9292 ಪೋರ್ಟಿನಲ್ಲಿ ಅಂಗಡಿ ತೆರೆದಿರ್ತದೆ, ಗಿರಾಕಿಯ ನಿಜವಾದ ಸಾಮಾನು, ನಿಜವಾದ ರೇಟು ಸಮೇತ. ಎಡಕ್ಕೆ ಎಡಿಟರ್, ಬಲಕ್ಕೆ ಬ್ರೌಸರ್. ಸಿಎಸ್‌ಎಸ್‌ನಲ್ಲಿ ಬಟನ್ನಿನ ಬಣ್ಣ ತಿದ್ದಿ ಸೇವ್ ಕೊಟ್ಟರೆ ಪುಟ ಅಲ್ಲಾಡುವುದಿಲ್ಲ, ಬಣ್ಣ ಮಾತ್ರ ಬದಲಾಗ್ತದೆ. ಸೆಕ್ಷನ್ ತಿದ್ದಿದರೂ ಹಾಗೆಯೇ, ಆ ತುಂಡು ಮಾತ್ರ. ಅಡ್ಮಿನ್ ಒಳಗಿನ ಕೋಡ್ ಎಡಿಟರಿನಲ್ಲಿ ತಿದ್ದಿ, ಇನ್ನೊಂದು ಟ್ಯಾಬಿಗೆ ಹೋಗಿ ರಿಫ್ರೆಶ್ ಒತ್ತಿ ಕಾಯುತ್ತಿದ್ದವನಿಗೆ ಇದು ಸಣ್ಣ ಸುಖ ಅಲ್ಲ. ಕಾರ್ಟ್ ಬಟನ್ನನ್ನು ಎರಡು ಪಿಕ್ಸೆಲ್ ಆಚೆ, ಎರಡು ಪಿಕ್ಸೆಲ್ ಈಚೆ ಸರಿಸುತ್ತಾ ಊಟದ ಹೊತ್ತು ಮೀರಿದ್ದೂ ಉಂಟು.

ಆದರೆ ಲೋಕಲ್ ಅಂದರೆ ಪೂರ್ತಿ ನಮ್ಮ ಮಿಷಿನ್ನಿನಲ್ಲೇ ಅಂತ ತಿಳ್ಕೊಳ್ಬೇಡಿ. ಲಿಕ್ವಿಡ್ (ಥೀಮ್ ಬರೆಯುವ ಶಾಪಿಫೈ ಭಾಷೆ) ರೆಂಡರ್ ಆಗಿ ಪುಟವಾಗುವುದು ಶಾಪಿಫೈಯವರ ಸರ್ವರಿನಲ್ಲಿ. ಜುಲೈಯ ಗಾಳಿಗೆ ತೆಂಗಿನ ಮಡಲು ಕೇಬಲ್ ಮೇಲೆ ಬಿತ್ತೋ, ನಾನು ಕೈಕಟ್ಟಿ ಕೂತೆ. ಮೊಬೈಲ್ ಹಾಟ್‌ಸ್ಪಾಟ್ ರೆಡಿ ಇಟ್ಟುಕೊಳ್ಳಿ.

ಇನ್ನು ನನ್ನ ಪಂಚಾತಿಗೆ. ಕಳೆದ ಚೌತಿಯ ಹೊತ್ತಿಗೆ ಮಂಗಳೂರಿನ ಹಪ್ಪಳದ ಅಕ್ಕನ ಅಂಗಡಿಗೆ ಫೂಟರ್ (ಪುಟದ ಅಡಿಭಾಗ) ಸರಿಮಾಡಿ, ಪುಲ್ ಮಾಡಿ ಅಲ್ಲಿಯ ಹೊಸ ಫೈಲುಗಳನ್ನು ಇಳಿಸಿಕೊಳ್ಳದೆ, ಲೈವ್ ಥೀಮಿಗೆ ಪುಶ್ ಕೊಟ್ಟೆ, ಅಂದರೆ ನನ್ನ ಫೈಲುಗಳನ್ನು ಮೇಲೆ ಕಳಿಸಿದೆ. ಖಚಿತವೇ ಅಂತ ಅದು ಕೇಳಿತ್ತು, ಓದದೆ ಎಂಟರ್ ಒತ್ತಿದವ ನಾನೇ. ಹತ್ತು ನಿಮಿಷದಲ್ಲಿ ಫೋನ್: “ಎಂತ ಮಾರಾಯ, ನನ್ನ ಚೌತಿ ಬ್ಯಾನರ್ ಎಲ್ಲಿ ಹೋಯ್ತು?” ಹಿಂದಿನ ರಾತ್ರಿ ಅವರು ಥೀಮ್ ಎಡಿಟರಿನಲ್ಲಿ ಕೂತು ಫೋಟೋ, ಬರಹ ಎಲ್ಲ ಹಾಕಿದ್ದರು. ಎಲ್ಲಿ ಯಾವ ಫೋಟೋ, ಯಾವ ಬರಹ ಎಂಬ ಲೆಕ್ಕ ಇರುವುದು ಟೆಂಪ್ಲೇಟಿನ (ಪುಟದ ಚೌಕಟ್ಟಿನ) ಜೇಸನ್ ಫೈಲಿನಲ್ಲಿ. ನನ್ನ ಹತ್ತಿರ ಇದ್ದ ಹಳೇ ಪ್ರತಿ ಅದರ ಮೇಲೆ ಹೋಗಿ ಕೂತಿತ್ತು. ವಾಟ್ಸಾಪಿನಲ್ಲಿ ಫೋಟೋ ತರಿಸಿ ಮತ್ತೆ ಹಾಕಿ ಕೊಡುವಾಗ ಮಧ್ಯಾಹ್ನ.

ಈಗ ಟೆಂಪ್ಲೇಟಿನ ಜೇಸನ್‌ಗಳನ್ನೂ ಸೆಟ್ಟಿಂಗ್ಸ್ ಡೇಟಾವನ್ನೂ ಇಗ್ನೋರ್ ಫೈಲಿಗೆ ಸೇರಿಸಿದ್ದೇನೆ, ಅವು ಮೇಲೆ ಹೋಗುವುದೇ ಇಲ್ಲ. ಗಿರಾಕಿಗೆ ತೋರಿಸಲಿಕ್ಕೂ ಡೆವಲಪ್‌ಮೆಂಟ್ ಥೀಮಿನ (‘ಥೀಮ್ ಡೆವ್’ ಮಾಡಿಕೊಳ್ಳುವ ತಾತ್ಕಾಲಿಕ ಥೀಮ್) ಲಿಂಕ್ ಕೊಡುವುದಿಲ್ಲ. 7 ದಿನ ಮುಟ್ಟದಿದ್ದರೆ ಆ ಥೀಮ್ ತಾನಾಗಿ ಅಳಿದುಹೋಗ್ತದೆ, ನಮ್ಮವರು ಲಿಂಕ್ ಒತ್ತುವುದು ಮುಂದಿನ ಸಂಕ್ರಾಂತಿಗೆ. ಅನ್‌ಪಬ್ಲಿಶ್ಡ್ ಥೀಮಾಗಿ, ಅಂದರೆ ಅಂಗಡಿಯಲ್ಲಿ ಲೈವ್ ಮಾಡದ ಬೇರೆ ಥೀಮಾಗಿ ಪುಶ್ ಕೊಟ್ಟರೆ ಆ ತಲೆಬಿಸಿ ಇಲ್ಲ.

ಐದಕ್ಕೆ ನಾಲ್ಕು ಸ್ಟಾರ್ ನನ್ನ ಲೆಕ್ಕ. ಅಕ್ಕ ಮಾತ್ರ ಈಗಲೂ ಬ್ಯಾನರ್ ಹಾಕಿದ ಕೂಡಲೇ ಸ್ಕ್ರೀನ್‌ಶಾಟ್ ಕಳಿಸ್ತಾರೆ, “ಹಾಕಿದ್ದೇನೆ, ನೀನು ಮುಟ್ಟಬೇಡ” ಅಂತ.