ಅಡುಗೆ ಸೋಡಾ, ಡೋಸಿಂಗ್ ಪಂಪ್, ಹವಳದ ತೊಟ್ಟಿ: ಮೂರು ವರ್ಷ ಬಳಸಿದ ಮೇಲೆ

ಐದಕ್ಕೆ ನಾಲ್ಕು ಸ್ಟಾರ್. ಕಳೆದ ಆ ಒಂದು ಸ್ಟಾರ್ ಕಥೆ ಆಮೇಲೆ ಹೇಳುತ್ತೇನೆ.

ನ್ಯೂಜೆರ್ಸಿಯ ನಮ್ಮ ಮನೆ ಹಾಲ್‌ನಲ್ಲಿ 60 ಗ್ಯಾಲನ್‌ನ, ಅಂದರೆ ಸುಮಾರು 230 ಲೀಟರ್‌ನ ಉಪ್ಪುನೀರಿನ ತೊಟ್ಟಿ ಇದೆ. ಮೀನು ನಾಲ್ಕೇ, ಉಳಿದದ್ದೆಲ್ಲ ಹವಳ. ಆ ನೀರಿಗೆ ಹಗಲೂ ರಾತ್ರಿ ಸೋಡಾ ಮತ್ತು ಕ್ಯಾಲ್ಸಿಯಂ ಹನಿಸಲು ಎರಡು ತಲೆಯ ಡೋಸಿಂಗ್ ಪಂಪ್ ತಗೊಂಡು ಮೂರು ವರ್ಷ ಆಯಿತು. ಕಂಪನಿ ಹೆಸರು ಬೇಡ ಬಿಡಿ. ಈ ಜಾತಿಯ ಪಂಪ್‌ಗಳೆಲ್ಲ ಕೆಲಸ ಮಾಡುವುದು ಒಂದೇ ಥರ. ಒಳಗೆ ಮೆತ್ತನೆಯ ಟ್ಯೂಬ್, ಅದನ್ನು ಒತ್ತುತ್ತಾ ತಿರುಗುವ ರೋಲರ್.

ಯಾಕೆ ಬೇಕು ಇದೆಲ್ಲ? ಗಟ್ಟಿ ಹವಳ ತನ್ನ ಸುಣ್ಣದ ಗೂಡನ್ನು ನೀರಿನಿಂದಲೇ ಕಟ್ಟಿಕೊಳ್ಳುತ್ತದೆ. ಸಮುದ್ರದಲ್ಲಿ ಸಾಮಗ್ರಿ ಖಾಲಿಯಾಗುವ ಮಾತೇ ಇಲ್ಲ. ತೊಟ್ಟಿಯಲ್ಲಿ ಖಾಲಿಯಾಗುತ್ತದೆ. ಆ ಸಾಮಗ್ರಿ ಅಂದರೆ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್. ನೀರಿನಲ್ಲಿ ಕಾರ್ಬೊನೇಟ್ ಎಷ್ಟಿದೆ ಅಂತ ಹೇಳುವುದು ಆಲ್ಕಲಿನಿಟಿ, ಅದನ್ನು ಅಳೆಯುವ ಮಾನ ಡಿಕೆಎಚ್. ಸಮುದ್ರದ ನೀರಿನ ಆಲ್ಕಲಿನಿಟಿ ಸುಮಾರು 7 ಡಿಕೆಎಚ್, ಕ್ಯಾಲ್ಸಿಯಂ 410 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 410 ಭಾಗ) ಆಸುಪಾಸು. ನಾನು 8.3 ಮತ್ತು 420ರಲ್ಲಿ ಇಟ್ಟಿದ್ದೇನೆ. ನಮ್ಮ ಹವಳಗಳು ದಿನಕ್ಕೆ ಹೆಚ್ಚುಕಮ್ಮಿ 1 ಡಿಕೆಎಚ್ ತಿನ್ನುತ್ತವೆ, ಜೊತೆಗೆ 7 ಪಿಪಿಎಂನಷ್ಟು ಕ್ಯಾಲ್ಸಿಯಂ. ಜೋಡಿ ಎತ್ತಿನ ಹಾಗೆ ಎರಡೂ ಒಟ್ಟಿಗೇ ಇಳಿಯುತ್ತವೆ.

ಮೊದಲ ವರ್ಷ ಅಂಗಡಿಯ ರೆಡಿಮೇಡ್ ಬಾಟಲಿ ತಂದು ಸುರಿದೆ. ದುಡ್ಡು ನೀರಾಗುವುದು ಅಂದರೆ ಅದೇ. ಆಮೇಲೆ ಲೇಬಲ್ ಓದಿದರೆ ಮುಖ್ಯ ಸರಕು ನಮ್ಮ ಅಡುಗೆಮನೆಯದೇ. 100 ಲೀಟರ್‌ಗೆ 3 ಗ್ರಾಂ ಅಡುಗೆ ಸೋಡಾ ಹಾಕಿದರೆ ಆಲ್ಕಲಿನಿಟಿ 1 ಡಿಕೆಎಚ್ ಏರುತ್ತದೆ. ಈಗ ಲೀಟರ್ ಆರ್‌ಒ ನೀರಿಗೆ 80 ಗ್ರಾಂ ಸೋಡಾ ಕರಗಿಸಿ ಇಡುತ್ತೇನೆ. ಪಂಪ್ ಎರಡು ಗಂಟೆಗೊಮ್ಮೆ 7 ಮಿಲಿ ಹನಿಸುತ್ತದೆ, ದಿನಕ್ಕೆ 84. ಕ್ಯಾಲ್ಸಿಯಂ ಕ್ಲೋರೈಡ್ ಬೇರೆ ಬಾಟಲಿಯಲ್ಲಿ, ಬೇರೆ ಗಂಟೆಯಲ್ಲಿ. ಎರಡೂ ಒಂದೇ ಕಡೆ ಸೇರಿದರೆ ಕ್ಷಣದಲ್ಲಿ ಮಜ್ಜಿಗೆಯಂತೆ ಬೆಳ್ಳಗಾಗಿ ಸುಣ್ಣ ತಳಕ್ಕೆ ಕೂರುತ್ತದೆ. ಒಂದು ಸಲ ಲೋಟದಲ್ಲಿ ಬೆರೆಸಿ ನೋಡಿ, ಮತ್ತೆಂದೂ ಮರೆಯಲ್ಲ. ಆರು ಕೆಜಿಯ ಸೋಡಾ ಚೀಲ ಎರಡು ವರ್ಷಕ್ಕಿಂತ ಜಾಸ್ತಿ ಬಂತು.

ಅಮ್ಮ ಶಿವಮೊಗ್ಗದಿಂದ ಬಂದಿದ್ದಾಗ ಚೀಲ ನೋಡಿ, "ಬೇಳೆ ಬೇಗ ಬೇಯಲಿ ಅಂತ ಸೋಡಾ ಹಾಕ್ತಾರೆ, ನೀನು ಬದುಕಿರೋ ಮೀನಿಗೆ ಹಾಕ್ತೀಯಲ್ಲೋ!" ಅಂದರು.

ಚಳಿಗಾಲದಲ್ಲಿ ಇನ್ನೊಂದು ಕೆಲಸ ಇದೆ. ಕಿಟಕಿ ಎಲ್ಲ ಮುಚ್ಚಿರುತ್ತೇವೆ, ನಮ್ಮ ಉಸಿರಿನ ಕಾರ್ಬನ್ ಡೈಆಕ್ಸೈಡ್ ಮನೆಯಲ್ಲೇ ಉಳಿದು ನೀರಿಗೂ ಇಳಿಯುತ್ತದೆ. ಪಿಎಚ್ 7.8ಕ್ಕೆ ಬರುತ್ತದೆ. ಆಗ ಸೋಡಾವನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ ಓವನ್‌ನಲ್ಲಿ 150 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಬಿಸಿಯಲ್ಲಿ ಒಂದು ಗಂಟೆ ಇಡುತ್ತೇನೆ. ಹೊರಗೆ ತೆಗೆದಾಗ 80 ಗ್ರಾಂ ಹೋಗಿ 50 ಗ್ರಾಂ ಆಗಿರುತ್ತದೆ. ಮಿಕ್ಕಿದ್ದು ಆವಿ ಮತ್ತು ಗಾಳಿಯಾಗಿ ಹೋಯಿತು. ಆಲ್ಕಲಿನಿಟಿ ಕೊಡುವ ಶಕ್ತಿ ಮಾತ್ರ ಅಷ್ಟೇ ಇರುತ್ತದೆ, ಪಿಎಚ್ ಕೂಡ ಮೇಲೆ ಎತ್ತುತ್ತದೆ. ತೂಕ ಹುರಿಯುವ ಮೊದಲೇ ಹಾಕಿಕೊಳ್ಳಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಈಗ ಕಳೆದ ಸ್ಟಾರ್. ಎರಡನೇ ವರ್ಷ ಊರಿಗೆ ಮೂರು ವಾರ ಹೋಗಿದ್ದೆ. ಪಕ್ಕದ ಮನೆಯವರು ಮೀನಿಗೆ ಊಟ ಹಾಕುತ್ತಿದ್ದರು, ಪಂಪ್ ಇದೆಯಲ್ಲ ಅಂತ ನೀರಿನ ಬಗ್ಗೆ ಆರಾಮಾಗಿದ್ದೆ. ವಾಪಸ್ ಬಂದು ಟೆಸ್ಟ್ ಮಾಡಿದೆ. 4 ಮಿಲಿ ತೊಟ್ಟಿ ನೀರು, 4 ಹನಿ ಇಂಡಿಕೇಟರ್ ಬಣ್ಣ, ಆಮೇಲೆ ಬಣ್ಣ ಬದಲಾಗುವವರೆಗೆ ಸಿರಿಂಜಿನಿಂದ ಕಿಟ್‌ನ ಆಮ್ಲ ಒಂದೊಂದೇ ಹನಿ. ಎಷ್ಟು ಕಡಿಮೆ ಆಮ್ಲ ಸಾಕಾಯಿತೋ ಆಲ್ಕಲಿನಿಟಿ ಅಷ್ಟು ಕಡಿಮೆ. ಯಾವಾಗಲೂ ಬಿಡುವಷ್ಟು ಬಿಟ್ಟೇ ಇರಲಿಲ್ಲ, ಹಸಿರು ನೀಲಿ ಆಗಲೇ ಗುಲಾಬಿಗೆ ತಿರುಗಿತು. 6.2 ಡಿಕೆಎಚ್! ಪಂಪ್ ಸ್ಕ್ರೀನ್ ನೋಡಿದರೆ ದಿನಾ 84 ಮಿಲಿ ಕೊಟ್ಟಿದ್ದೇನೆ ಅನ್ನುತ್ತಿದೆ. ಅಳತೆ ಸಿಲಿಂಡರ್ ಹಿಡಿದು 10 ಮಿಲಿ ಬಿಡು ಅಂದೆ, ಬಿದ್ದದ್ದು 7. ರೋಲರ್ ಉಜ್ಜಿ ಉಜ್ಜಿ ಟ್ಯೂಬ್ ಚಪ್ಪಟೆಯಾಗಿತ್ತು. ಎಷ್ಟು ಸುತ್ತು ತಿರುಗಿದೆ ಅನ್ನುವುದಷ್ಟೇ ಪಂಪ್‌ಗೆ ಗೊತ್ತು. ಎಷ್ಟು ನೀರು ಬಿತ್ತು ಅನ್ನುವುದು ಗೊತ್ತಿಲ್ಲ. ಟ್ಯೂಬ್ ಯಾವಾಗ ಬದಲಿಸಬೇಕು ಅಂತ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲ.

ಇಲ್ಲಿಯವರೆಗೆ ತಪ್ಪು ಪಂಪ್‌ದು. ಮುಂದಿನದು ನನ್ನದು. ಗಾಬರಿಯಲ್ಲಿ ಒಂದೇ ದಿನ 2 ಡಿಕೆಎಚ್ ಏರಿಸಿದೆ. ಮೂರು ವಾರ ಇಳಿಕೆ ತಡೆದುಕೊಂಡಿದ್ದ ಅಕ್ರೊಪೊರಾ ಅನ್ನುವ ಗಟ್ಟಿ ಹವಳ ಒಂದು ದಿನದ ಏರಿಕೆ ತಡೆಯಲಿಲ್ಲ. ತುದಿಗಳು ಸುಟ್ಟ ಹಾಗೆ ಬೆಳ್ಳಗಾದವು, ಒಂದು ಗಿಡದ ಚರ್ಮ ಬುಡದಿಂದ ಸುಲಿದು ಬಂತು. (ಗಿಡ ಅಂದೆ, ಅದು ಪ್ರಾಣಿ. ಬಾಯಿಗೆ ಹಾಗೇ ಬರುತ್ತದೆ.) ದಿನಕ್ಕೆ ಅರ್ಧ ಡಿಕೆಎಚ್‌ನಂತೆ ಏರಿಸಿದ್ದರೆ ಬಹುಶಃ ಎಲ್ಲವೂ ಉಳಿಯುತ್ತಿದ್ದವು. ಈಗ ಪ್ರತಿ ಭಾನುವಾರ ಟೆಸ್ಟ್, ತಿಂಗಳಿಗೊಮ್ಮೆ ಸಿಲಿಂಡರ್ ಅಳತೆ.

ಇನ್ನೆರಡು ಮಾತು. ಸೋಡಾ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಸೇರಿ ಕೊನೆಗೆ ತೊಟ್ಟಿಯಲ್ಲಿ ಉಪ್ಪು ಉಳಿಸುತ್ತವೆ, ಹಾಗಾಗಿ ಉಪ್ಪಿನಂಶ ನಿಧಾನಕ್ಕೆ ಏರುತ್ತದೆ. ನೀರು ಬದಲಿಸುತ್ತಾ ಇದ್ದರೆ ತೊಂದರೆಯಿಲ್ಲ. ಮೆಗ್ನೀಸಿಯಂ 1300 ಪಿಪಿಎಂ ಹತ್ತಿರ ಇರಲಿ, ಅದು ತೀರಾ ಇಳಿದರೆ ಉಳಿದೆರಡೂ ಹಿಡಿತಕ್ಕೆ ಸಿಗಲ್ಲ.

ಊರಿನ ಗೆಳೆಯರು ಕೇಳುತ್ತಿರುತ್ತಾರೆ, ಅಲ್ಲೂ ಮಾಡಬಹುದಾ ಅಂತ. ನೀರಿನ ಲೆಕ್ಕ ಎಲ್ಲಿಯಾದರೂ ಒಂದೇ. ಆದರೆ ಗಟ್ಟಿ ಹವಳಗಳು ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ನೇತ್ರಾಣಿಯಲ್ಲಿ ಮುಳುಗಿ ನೋಡಿ ಬನ್ನಿ, ಚೂರೂ ತರಬೇಡಿ. ಇನ್ನು ಕುಡಿಯುವ ನೀರಿನ ಆರ್‌ಒ ಮೆಷಿನ್ ನೆಚ್ಚಿಕೊಳ್ಳಬೇಡಿ. ಎಷ್ಟೋ ಮೆಷಿನ್‌ಗಳು ರುಚಿಗೆ ಅಂತ ಸ್ವಲ್ಪ ಖನಿಜ ವಾಪಸ್ ಬೆರೆಸುತ್ತವೆ. ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣ) ಸೊನ್ನೆ ತೋರಿಸುವ ನೀರೇ ಆಗಬೇಕು.

ಇದೇ ಪಂಪ್ ಮತ್ತೆ ಕೊಳ್ಳುತ್ತೀಯಾ ಅಂದರೆ, ಹೂಂ. ಜೊತೆಗೆ ಎರಡು ಜೋಡಿ ಟ್ಯೂಬ್ ಕೂಡ. ನನ್ನ ಮುಂದಿನ ಜೋಡಿ ತೊಟ್ಟಿಯ ಕೆಳಗಿನ ಡ್ರಾಯರ್‌ನಲ್ಲಿದೆ, ಕವರ್ ಮೇಲೆ ಬದಲಿಸುವ ತಾರೀಖು ಬರೆದಿಟ್ಟಿದ್ದೇನೆ.