ನೇತ್ರಾಣಿಯ ಅರ್ಧ ಗಂಟೆ, ಹ್ಯಾವ್ಲಾಕ್‌ನ ನಾಲ್ಕು ದಿನ

ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯುವುದು; ಅದರ ಹೆಸರಲ್ಲಿ ನಾನು ಮೂರು ಕಡೆ ದುಡ್ಡು ಕಟ್ಟಿದ್ದೇನೆ. ಮೊದಲು ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಮಾಡಿದ ಒಂದು ದಿನದ ಡೈವ್, ಮರುವರ್ಷ ಅಂಡಮಾನಿನ ಹ್ಯಾವ್ಲಾಕ್‌ನಲ್ಲಿ ಓಪನ್ ವಾಟರ್ ಅನ್ನುವ ಮೊದಲ ಹಂತದ ಕೋರ್ಸ್, ಅದಾಗಿ ಹನ್ನೊಂದು ತಿಂಗಳಿಗೆ ಪುದುಚೇರಿಯಲ್ಲಿ ಅದರ ಮುಂದಿನ ಹಂತ, ಅಡ್ವಾನ್ಸ್ಡ್. ಆಫೀಸಲ್ಲಿ ಯಾರಾದರೂ "ಯಾವ್ದು ಮಾಡ್ಲಿ?" ಅಂತ ಕೇಳಿದರೆ ರೇಟು ಹೇಳಿ ಸುಮ್ಮನಾಗುತ್ತಿದ್ದೆ. ಆದರೆ ರೇಟು ಅರ್ಧ ವಿಷಯ ಮಾತ್ರ. ನೀರಿನೊಳಗೆ ನಿಮ್ಮ ಮೈ ಯಾರ ಕೈಯಲ್ಲಿರುತ್ತದೆ ಅನ್ನುವುದೇ ಅಸಲಿ ವ್ಯತ್ಯಾಸ.

ನೇತ್ರಾಣಿಯಲ್ಲಿ ಅದು ಪೂರ್ತಿ ಇನ್‌ಸ್ಟ್ರಕ್ಟರ್ ಕೈಯಲ್ಲಿ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್, ನಮ್ಮ ದೋಣಿಗೆ ಒಂದೂವರೆ ಗಂಟೆ ಹಿಡಿಯಿತು. ಹಿಂದೆ ತಿರುಗಿದರೆ ಶಿವನ ವಿಗ್ರಹ ಬಹಳ ಹೊತ್ತು ಕಾಣುತ್ತಿರುತ್ತದೆ. ಅದು ಸಣ್ಣದಾಗುತ್ತ ಬಂದಹಾಗೆ ಹೊಟ್ಟೆ ತೊಳಸಲು ಶುರು. ಹತ್ತುವಾಗಲೇ ದೋಣಿಯವರು ಹೇಳಿದ್ದರು, "ಎರಡು ಇಡ್ಲಿ ಸಾಕು ಮಾರಾಯ್ರೇ, ದೋಸೆ ಎಲ್ಲ ವಾಪಸ್ ಬಂದ್ಮೇಲೆ." ಕೇಳಿದ್ದವರು ಬಚಾವ್. ದ್ವೀಪದ ಪಕ್ಕ ಲಂಗರು ಹಾಕಿ ಹತ್ತು ನಿಮಿಷ ಪಾಠ: ಬಾಯಲ್ಲೇ ಉಸಿರಾಡಿ, ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಬಿಡಿಸಿಕೊಳ್ಳಿ, ಹೆಬ್ಬೆರಳು ಮೇಲೆತ್ತಬೇಡಿ. ಹೆಬ್ಬೆರಳು ಎತ್ತಿದರೆ ನೀರೊಳಗೆ "ಸೂಪರ್" ಅಂತಲ್ಲ, "ಮೇಲೆ ಹೋಗೋಣ" ಅಂತ. ನಮ್ಮ ಬ್ಯಾಚಿನಲ್ಲಿ ಒಬ್ಬರು ಖುಷಿಯಲ್ಲಿ ಹೆಬ್ಬೆರಳು ತೋರಿಸಿ ಮೂರೇ ನಿಮಿಷಕ್ಕೆ ಮೇಲೆ ಬಂದರು.

ಆಮೇಲಿನ ಅರ್ಧ ಗಂಟೆ ನಿಜಕ್ಕೂ ಚಂದ. ಇನ್‌ಸ್ಟ್ರಕ್ಟರ್ ಬೆನ್ನ ಹಿಂದಿನಿಂದ ಸಿಲಿಂಡರ್ ಹಿಡಿದು ಶಾಪಿಂಗ್ ಟ್ರಾಲಿಯಂತೆ ನನ್ನನ್ನು ತಳ್ಳಿಕೊಂಡು ಹೋದರು. ಎಂಟು-ಹತ್ತು ಮೀಟರ್ ಆಳ, ಬಂಡೆಗಳ ಸಂದಿಯಲ್ಲಿ ಪ್ಯಾರಟ್ ಫಿಶ್, ತಲೆಯ ಮೇಲೆ ಬೆಳ್ಳಿ ತಟ್ಟೆಯ ಹಾಗೆ ಸೂರ್ಯ. ನಾನು ಮಾಡಬೇಕಾದ್ದು ಉಸಿರಾಟ ಒಂದೇ. ಆದರೆ ಇಳಿಸುವ ಅವಸರದಲ್ಲಿ ನನ್ನ ಎಡಗಿವಿ ಬಿಡಿಸಿಕೊಳ್ಳಲು ಪುರುಸೊತ್ತು ಸಿಗಲಿಲ್ಲ, ಎರಡು ದಿನ ಹತ್ತಿ ತುಂಬಿದಂತಿತ್ತು. ದೋಣಿ ಅಲುಗುತ್ತಿರುವಾಗ ಒಂದು ಫಾರಂಗೆ ಸಹಿ ಹಾಕಿದ್ದೆ. ಅದು ನನ್ನ ಆರೋಗ್ಯದ ವಿವರ ಕೇಳುವ ಫಾರಂ ಅಂತ ಗೊತ್ತಾದದ್ದು ಮರುವರ್ಷ.

ಹೇಗೆಂದರೆ, ಹ್ಯಾವ್ಲಾಕ್‌ನವರು ಅದೇ ಥರದ ಫಾರಂ ಅನ್ನು ತಿಂಗಳ ಮೊದಲೇ ಇಮೇಲ್ ಮಾಡಿದರು. ಅದರಲ್ಲಿ ಉಬ್ಬಸದ ಪ್ರಶ್ನೆಯಿತ್ತು. ಚಿಕ್ಕಂದಿನಲ್ಲಿ ನನಗೆ ಇತ್ತು, ಹೌದು ಅಂತ ಬರೆದೆ. "ಹಾಗಾದ್ರೆ ಡಾಕ್ಟರ್ ಸಹಿ ಬೇಕು ಸರ್" ಅಂದರು. ಬೆಂಗಳೂರಲ್ಲಿ ಶ್ವಾಸಕೋಶದ ಪರೀಕ್ಷೆ ಮಾಡಿಸಿ, ಸಹಿ ಹಾಕಿಸಿ ಕಳಿಸಿದೆ. ಕಿರಿಕಿರಿ ಅನಿಸಿತ್ತು. ಈಗ ಯಾವುದೇ ಡೈವ್ ಸೆಂಟರನ್ನು ನಾನು ಅಳೆಯುವುದು ಈ ಫಾರಂನಿಂದಲೇ.

ಓಪನ್ ವಾಟರ್ ಕೋರ್ಸಿನ ಥಿಯರಿಯನ್ನು ಮನೆಯಲ್ಲೇ ಮೊಬೈಲ್‌ನಲ್ಲಿ ಓದಿಕೊಂಡು ಹೋಗಬಹುದು. ಅಲ್ಲಿ ಹೋದ ಮೇಲೆ 200 ಮೀಟರ್ ಈಜು, ಹತ್ತು ನಿಮಿಷ ತೇಲುವುದು. ಆತುರವಿಲ್ಲ, ಟೈಮ್ ನೋಡುವುದಿಲ್ಲ. ತೀರ್ಥಹಳ್ಳಿಯ ತುಂಗಾ ಹೊಳೆಯಲ್ಲಿ ಈಜು ಕಲಿತ ನನಗೆ ಇದೆಲ್ಲ ಲೆಕ್ಕಕ್ಕಿಲ್ಲ ಅನ್ನುವ ಜಂಬ. ಜಂಬ ಇಳಿದದ್ದು ಮಾಸ್ಕಿನ ಹತ್ತಿರ.

ಎದೆಮಟ್ಟಕ್ಕಿಂತ ತುಸು ಹೆಚ್ಚು ನೀರು, ಮರಳಿನ ಮೇಲೆ ಮಂಡಿಯೂರಿ ಕೂತಿದ್ದೇವೆ. ಮಾಸ್ಕನ್ನು ಪೂರ್ತಿ ತೆಗೆದು, ಬರಿಮುಖದಲ್ಲಿ ಒಂದು ನಿಮಿಷ ಬಾಯಲ್ಲೇ ಉಸಿರಾಡಿ, ಮತ್ತೆ ಹಾಕಿಕೊಂಡು, ಮೇಲಂಚನ್ನು ಹಣೆಗೆ ಒತ್ತಿ ಮೂಗಿನಿಂದ ಊದಿ ನೀರು ಹೊರಹಾಕಬೇಕು. ಮಾಸ್ಕ್ ತೆಗೆದ ಕೂಡಲೇ ಉಪ್ಪುನೀರು ಮೂಗಿಗೆ ನುಗ್ಗಿತು, ಮೈ ತಾನಾಗಿಯೇ ಎದ್ದು ನಿಂತಿತು. ಎರಡನೇ ಸಲವೂ ಹಾಗೇ. ಹೊಳೆಯಲ್ಲಿ ಮುಳುಗಿದಾಗ ಉಸಿರು ಕಟ್ಟಿ ಅಭ್ಯಾಸ. ಸ್ಕೂಬಾದ ಮೊದಲ ನಿಯಮವೇ ಉಸಿರು ಕಟ್ಟಬೇಡಿ ಅನ್ನುವುದು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದ್ದರ ಎರಡರಷ್ಟು. ಅಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಾಗ ಎರಡು ಪಟ್ಟು ಹಿಗ್ಗುತ್ತದೆ, ಬಿಡದಿದ್ದರೆ ಶ್ವಾಸಕೋಶ ಹರಿಯಬಹುದು. ಗಾಬರಿಯಾದಾಗ ಮೇಲಕ್ಕೆ ಚಿಮ್ಮುವ ಅಭ್ಯಾಸವನ್ನು ಎದೆಮಟ್ಟದ ನೀರಲ್ಲೇ ಬಿಡಿಸುವುದು ಅದಕ್ಕೇ. ನನಗೆ ಈ ಮಾಸ್ಕಿನ ಪಾಠ ಬಂದದ್ದು ಮೂರನೇ ದಿನ ಬೆಳಿಗ್ಗೆ. ಮೊದಲು ಈಜೇ ಬಾರದಿದ್ದ ನನ್ನ ಡೈವ್ ಜೊತೆಗಾರರು, ಈಜಿನ ಪರೀಕ್ಷೆಗೆಂದೇ ಎರಡು ತಿಂಗಳು ಕ್ಲಾಸಿಗೆ ಹೋಗಿ ಬಂದವರು, ಮೊದಲ ಸಲಕ್ಕೇ ಮಾಡಿ ಮುಗಿಸಿದ್ದರು!

ನಾಲ್ಕನೇ ಡೈವ್‌ನಲ್ಲಿ 18 ಮೀಟರ್ ಹತ್ತಿರ ಹೋದೆವು. ಉಸಿರು ಎಳೆದರೆ ಒಂದು ಗೇಣು ಏರುತ್ತೇನೆ, ಬಿಟ್ಟರೆ ಒಂದು ಗೇಣು ಇಳಿಯುತ್ತೇನೆ, ಸಿಲಿಂಡರನ್ನು ಯಾರೂ ಹಿಡಿದಿಲ್ಲ. ಅಂದಹಾಗೆ ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ ಅಲ್ಲ, ಒತ್ತಿ ತುಂಬಿದ ಮಾಮೂಲಿ ಗಾಳಿ. ನಮ್ಮಮ್ಮನಿಗೆ ಇದನ್ನು ಐದು ಸಲ ಹೇಳಿದ್ದೇನೆ. ನೇತ್ರಾಣಿಯ ಆರರಷ್ಟು ಖರ್ಚಾಯಿತು, ವಿಮಾನದ್ದು ಬೇರೆ. ಮೋಸವಾಯಿತು ಅನಿಸಲಿಲ್ಲ. ಒಂದು ಸಲ ನೋಡಿದರೆ ಸಾಕು ಅನ್ನುವವರಿಗೆ ನೇತ್ರಾಣಿ ಧಾರಾಳವಾಯಿತು. ಒಂದು ದಿನದ ಡೈವನ್ನೇ ಮತ್ತೆ ಮತ್ತೆ ಮಾಡುವ ಯೋಚನೆ ಇದ್ದರೆ ಮಾತ್ರ ಆ ದುಡ್ಡು ಕೂಡಿಟ್ಟು ಕೋರ್ಸಿಗೆ ಹೋಗಿ.

ಡೈವಿಂಗ್ ಕಲಿಸಿ ಕಾರ್ಡ್ ಕೊಡುವ ಏಜೆನ್ಸಿಗಳಲ್ಲಿ ಪ್ಯಾಡಿಯೋ ಎಸ್‌ಎಸ್‌ಐಯೋ ಅನ್ನುವ ಜಗಳ ನಮ್ಮ ಮನೆಯಲ್ಲೇ ಇದೆ: ನನ್ನದು ಪ್ಯಾಡಿ ಕಾರ್ಡ್, ನನ್ನಾಕೆಯದು ಎಸ್‌ಎಸ್‌ಐ. ಓಪನ್ ವಾಟರಿಗೆ ಎರಡರಲ್ಲೂ ಆಳದ ಮಿತಿ 18 ಮೀಟರ್, ಎರಡೂ ಐಎಸ್‌ಒ 24801-2 ಅನ್ನುವ ಅಂತರರಾಷ್ಟ್ರೀಯ ಮಾನದಂಡಕ್ಕೆ ಹೊಂದುತ್ತವೆ, ಎಲ್ಲಿ ಹೋದರೂ ಎರಡನ್ನೂ ಒಪ್ಪುತ್ತಾರೆ. ಪ್ಯಾಡಿ ಇನ್‌ಸ್ಟ್ರಕ್ಟರ್ ಸ್ವತಂತ್ರವಾಗಿಯೂ ಕಲಿಸಬಹುದು, ಎಸ್‌ಎಸ್‌ಐನವರು ಒಂದು ಸೆಂಟರಿನಡಿಯಲ್ಲೇ ಕಲಿಸಬೇಕು. ಎಡವುವುದು ಹೆಸರಲ್ಲಿ. ಪ್ಯಾಡಿಯಲ್ಲಿ ಐದು ಡೈವ್‌ಗೆ ಸಿಗುವುದು ಅಡ್ವಾನ್ಸ್ಡ್ ಓಪನ್ ವಾಟರ್. ಎಸ್‌ಎಸ್‌ಐನಲ್ಲಿ ಅದಕ್ಕೆ ಸಮನಾದದ್ದು ಅಡ್ವಾನ್ಸ್ಡ್ ಅಡ್ವೆಂಚರರ್. ಅಲ್ಲಿ ಅಡ್ವಾನ್ಸ್ಡ್ ಓಪನ್ ವಾಟರ್ ಅನಿಸಿಕೊಳ್ಳಲು ನಾಲ್ಕು ಸ್ಪೆಷಾಲಿಟಿ ಕೋರ್ಸ್, 24 ಡೈವ್ ಬೇಕು. ನಾನಾದರೆ ಏಜೆನ್ಸಿ ಬಿಟ್ಟು, ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ಜನ ಅಂತ ಕೇಳುತ್ತೇನೆ. ನಮಗೆ ಇಬ್ಬರಿಗೆ ಒಬ್ಬರಿದ್ದರು, ಅದಕ್ಕೇ ನನ್ನ ಮಾಸ್ಕಿಗೆ ಮೂರು ದಿನ ಸಿಕ್ಕಿತು.

ಪುದುಚೇರಿಯ ಅಡ್ವಾನ್ಸ್ಡ್ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ತಪ್ಪು ಸೆಂಟರಿನದ್ದಲ್ಲ, ನನ್ನದು. ಐದು ಡೈವ್: ಆಳದ್ದು ಮತ್ತು ದಿಕ್ಸೂಚಿಯದ್ದು ಕಡ್ಡಾಯ, ಉಳಿದ ಮೂರು ನಮ್ಮ ಆಯ್ಕೆ. ಮಿತಿ 30 ಮೀಟರಿಗೆ ಏರುತ್ತದೆ. 28 ಮೀಟರಿನಲ್ಲಿ ಇನ್‌ಸ್ಟ್ರಕ್ಟರ್ ಜೇಬಿನಿಂದ ಒಂದು ಕೆಂಪು ಕಾರ್ಡ್ ತೆಗೆದು ತೋರಿಸಿದರು, ಬೂದುಗಂದು ಕಾಣಿಸಿತು. ಟಾರ್ಚ್ ಬಿಟ್ಟೊಡನೆ ಕುಂಕುಮದಂತೆ ಕೆಂಪಾಯಿತು. ಅದೊಂದು ಕ್ಷಣಕ್ಕೆ ದುಡ್ಡು ಸಂದಿತು. ಆದರೆ ಹನ್ನೊಂದು ತಿಂಗಳು ನೀರಿಗಿಳಿಯದೆ ಹೋಗಿದ್ದೆ. ಸೊಂಟಕ್ಕೆ ಎಷ್ಟು ತೂಕ ಕಟ್ಟಬೇಕೆಂಬುದೇ ಮರೆತಿತ್ತು, ಮೊದಲ ಎರಡು ಡೈವ್ ಪೂರ್ತಿ ಬಲೂನಿನಂತೆ ಏರಿಳಿದೆ. ಸಿಲಿಂಡರಿನ ಗಾಳಿಯ ಒತ್ತಡ 200 ಬಾರ್‌ನಿಂದ ಹೊರಟು ನನ್ನ ಮೀಟರಿನಲ್ಲಿ 70ಕ್ಕೆ ಇಳಿದಾಗ ಗೈಡ್‌ದು ಇನ್ನೂ 120 ತೋರಿಸುತ್ತಿತ್ತು. ಮೊದಲು ಅರ್ಧ ದಿನದ ರಿಫ್ರೆಶರ್, ಆಮೇಲೆ ಹತ್ತು ಮಾಮೂಲಿ ಡೈವ್, ಆಮೇಲೆ ಅಡ್ವಾನ್ಸ್ಡ್ ಮಾಡಿದ್ದರೆ ಕಲಿಯುತ್ತಿದ್ದೆ. ಈಗ ಕಾರ್ಡ್ ಮಾತ್ರ ಸಿಕ್ಕಿದೆ.

ಇನ್ನೊಂದು ಮಾತು, ಕೋರ್ಸ್ ಹೋಲಿಸುವಾಗ ಯಾರೂ ಲೆಕ್ಕಕ್ಕೆ ಹಿಡಿಯದ್ದು: ವಾಪಸ್ ಪ್ರಯಾಣ. ಡೈವ್ ಆದಮೇಲೆ ಒಂದೇ ಆಗಿದ್ದರೆ 12 ಗಂಟೆ, ಹೆಚ್ಚಾಗಿದ್ದರೆ 18 ಗಂಟೆ ವಿಮಾನ ಹತ್ತಬಾರದು ಅಂತ ಹ್ಯಾವ್ಲಾಕ್‌ನಲ್ಲಿ ಹತ್ತು ಸಲ ಹೇಳಿದರು. ರಕ್ತದಲ್ಲಿ ಕರಗಿದ ನೈಟ್ರೋಜನ್, ಒತ್ತಡ ಇಳಿದಾಗ ಗುಳ್ಳೆಯಾಗುತ್ತದೆ. ಆದರೆ ಬೆಂಗಳೂರು ಇರುವುದೇ 900 ಮೀಟರ್ ಎತ್ತರದಲ್ಲಿ. ಪುದುಚೇರಿಯಲ್ಲಿ ಎರಡು ದಿನ ಡೈವ್ ಮಾಡಿ ರಾತ್ರಿ ಬಸ್ ಹತ್ತಿದರೂ, ನೇತ್ರಾಣಿಯಿಂದ ಬಂದು ಸಂಜೆಯೇ ಘಾಟಿ ಏರಿದರೂ ದೇಹಕ್ಕೆ ಅದೇ ಲೆಕ್ಕ. ನಾನೀಗ ಒಂದು ರಾತ್ರಿ ಸಮುದ್ರದ ಮಟ್ಟದಲ್ಲೇ ಮಲಗಿ ಹೊರಡುತ್ತೇನೆ.

ಅಕ್ಕನ ಮಗನಿಗೆ ಈಗ ಹನ್ನೊಂದು. ಹತ್ತು ತುಂಬಿದವರು ಜೂನಿಯರ್ ಓಪನ್ ವಾಟರ್ ಮಾಡಬಹುದು, ಅವನ ವಯಸ್ಸಿಗೆ 12 ಮೀಟರ್‌ವರೆಗೆ. ಬರುವ ಜನವರಿಗೆ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಸದ್ಯಕ್ಕೆ ನನ್ನ ಹಳೇ ಮಾಸ್ಕ್ ಹಾಕಿಕೊಂಡು, ಬಚ್ಚಲಲ್ಲಿ ಮುಖಕ್ಕೆ ಚೊಂಬು ಚೊಂಬು ನೀರು ಸುರಿದುಕೊಂಡು ಮೂಗಿನಿಂದ ಊದುವುದನ್ನು ಕಲಿಯುತ್ತಿದ್ದಾನೆ. ಸೋಲಾರ್ ಬಿಸಿನೀರೆಲ್ಲ ಖಾಲಿ ಅಂತ ನಿನ್ನೆ ಅಕ್ಕ ನನಗೆ ಫೋನ್ ಮಾಡಿ ಬೈದಳು.