ಆಫ್ರಿಕಾದಿಂದ ಬಂದವರಿಗೆ ಜ್ವರವೇ? ಮೊದಲು ಮಲೇರಿಯಾ ನೋಡಿಸಿ

ಕಳೆದ ಮಳೆಗಾಲದಲ್ಲಿ ಮಂಡ್ಯದ ನಮ್ಮ ಮನೆಯಲ್ಲಿ ಆರು ದಿನ ನಡೆದ ಒಂದು ಲೋಪವನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ತಮ್ಮ ಬದುಕಿದ್ದಾನೆ. ಆದರೆ ಅವನು ಉಳಿದದ್ದು ಒಬ್ಬ ಪ್ರಯೋಗಾಲಯ ತಂತ್ರಜ್ಞರ ಕಣ್ಣಿನಿಂದಲೇ ಹೊರತು ನಮ್ಮ ಜಾಣತನದಿಂದಲ್ಲ.

ತಮ್ಮ ಇಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ ಪಳಗಿ, ಎರಡು ವರ್ಷಗಳಿಂದ ಉಗಾಂಡಾದ ಒಂದು ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ದುಡಿಯುತ್ತಿದ್ದಾನೆ. ಗೃಹಪ್ರವೇಶಕ್ಕೆಂದು ರಜೆ ಹಾಕಿ ಬಂದವನಿಗೆ ಒಂಬತ್ತನೆಯ ದಿನ ಜ್ವರ ಬಂತು. ಹತ್ತಿರದ ಕ್ಲಿನಿಕ್ಕಿನ ವೈದ್ಯರು ವೈರಲ್ ಜ್ವರವೆಂದು ಪ್ಯಾರಸಿಟಮಾಲ್ ಕೊಟ್ಟು ಕಳುಹಿಸಿದರು. ಬೀದಿಯಲ್ಲಿ ಆಗಲೇ ನಾಲ್ಕು ಮನೆಗಳಲ್ಲಿ ಡೆಂಗಿ ಇದ್ದುದರಿಂದ ನಮಗೂ ಬೇರೆ ಯೋಚನೆ ಬರಲಿಲ್ಲ. ಮೂರನೆಯ ದಿನ ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ಪ್ಲೇಟ್‌ಲೆಟ್ 68,000ಕ್ಕೆ ಇಳಿದಿತ್ತು. ಡೆಂಗಿಯ ಎನ್‌ಎಸ್‌-1 ಪರೀಕ್ಷೆ ನೆಗೆಟಿವ್ ಬಂದಿದ್ದರೂ ಪ್ಲೇಟ್‌ಲೆಟ್ ಇಳಿದದ್ದೇ ಸಾಕ್ಷಿಯೆಂದು ಎಲ್ಲರೂ ಒಪ್ಪಿಕೊಂಡೆವು. ಮಲೇರಿಯಾದಲ್ಲೂ ಪ್ಲೇಟ್‌ಲೆಟ್ ಹೀಗೆಯೇ ಇಳಿಯುತ್ತದೆ ಎಂಬುದನ್ನು ನಾನು ತಿಳಿದದ್ದು ಆಮೇಲೆ. ಅಮ್ಮ ಹಿತ್ತಲಿನ ಪರಂಗಿ ಎಲೆ ಅರೆದು, ಬಟ್ಟೆಯಲ್ಲಿ ಹಿಂಡಿ, ಆ ಕಹಿ ರಸವನ್ನು ಸ್ಟೀಲಿನ ಲೋಟದಲ್ಲಿ ಹಿಡಿದು, "ಡೆಂಗಿಗೆ ಇದೇ ಮದ್ದು ಕಣಪ್ಪ, ಕಣ್ಣು ಮುಚ್ಕೊಂಡು ಕುಡಿ" ಎಂದು ದಿನಕ್ಕೆರಡು ಸಲ ಕುಡಿಸುತ್ತಿದ್ದರು.

ಅದೇ ದಿನ ಮಾಡಿದ ವಿಡಾಲ್ ಪರೀಕ್ಷೆ ಪಾಸಿಟಿವ್ ಎಂದು ಬಂದದ್ದರಿಂದ ಟೈಫಾಯ್ಡ್ ಕೂಡ ಇದೆಯೆಂದು ಚುಚ್ಚುಮದ್ದು ಶುರುವಾಯಿತು. ನಮ್ಮ ದೇಶದಲ್ಲಿ ಹಿಂದೆಂದೋ ತಗುಲಿದ ಸೋಂಕಿನಿಂದಲೂ, ಮಲೇರಿಯಾದಂಥ ಬೇರೆ ಜ್ವರದಿಂದಲೂ ವಿಡಾಲ್ ಏರಿರಬಹುದಾದ್ದರಿಂದ, ಒಂದೇ ಸಲದ ಆ ಫಲಿತಾಂಶವನ್ನು ನಂಬಿ ರೋಗ ತೀರ್ಮಾನಿಸಬಾರದು.

ಮಲೇರಿಯಾ ಪರೀಕ್ಷೆಯನ್ನು ಅವರು ಮಾಡಲೇ ಇಲ್ಲವೆಂದರೆ ತಪ್ಪಾಗುತ್ತದೆ. ರಕ್ತದ ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಒಂದು ರಕ್ತಲೇಪನ ಮಾಡಿದ್ದರು. ಅದರ ವರದಿಯಲ್ಲಿ "ಕಂಡುಬಂದಿಲ್ಲ" ಎಂದಿತ್ತು. ವೈದ್ಯರು ಚಳಿ ನಡುಕ ದಿನ ಬಿಟ್ಟು ದಿನ ಬರುತ್ತಿದೆಯೇ ಎಂದೂ ಕೇಳಿದ್ದರು. ಇಲ್ಲ, ಜ್ವರ ಸದಾ ಇದೆ ಎಂದೆವು. ಮಲೇರಿಯಾದ ಮಾತು ಅಲ್ಲಿಗೆ ಮುಗಿಯಿತು. ನಮ್ಮನ್ನು ಮೋಸಗೊಳಿಸಿದ್ದು ಈ ಎರಡು ಸಂಗತಿಗಳೇ. ಫಾಲ್ಸಿಪೇರಮ್ ಎಂಬ ಅಪಾಯಕಾರಿ ಬಗೆಯಲ್ಲಿ ಆರಂಭದ ದಿನಗಳ ಜ್ವರಕ್ಕೆ ಲೆಕ್ಕ, ಲಯ ಯಾವುದೂ ಇರುವುದಿಲ್ಲ. ಜೊತೆಗೆ ಬಲಿತ ರೋಗಾಣು ಹೊತ್ತ ಕೆಂಪು ರಕ್ತಕಣಗಳು ಮಿದುಳು, ಮೂತ್ರಪಿಂಡ ಮುಂತಾದ ಅಂಗಗಳ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ನಿಲ್ಲುವುದರಿಂದ, ಒಳಗೆ ರೋಗ ಉಲ್ಬಣಿಸುತ್ತಿದ್ದರೂ ಬೆರಳಿನಿಂದ ತೆಗೆದ ಹನಿಯಲ್ಲಿ ಕೆಲವೊಮ್ಮೆ ಬಹಳ ಕಡಿಮೆ ರೋಗಾಣು ಸಿಗುತ್ತವೆ. ಆದ್ದರಿಂದ ಶಂಕೆ ಇದ್ದಲ್ಲಿ ಒಂದು ನೆಗೆಟಿವ್ ಬಂದಿತೆಂದು ಬಿಡದೆ, 12ರಿಂದ 24 ಗಂಟೆಗಳ ಅಂತರದಲ್ಲಿ ಒಟ್ಟು ಮೂರು ಸಲ ನೋಡಬೇಕು. ದಪ್ಪ ಲೇಪನ, ತೆಳು ಲೇಪನ ಎರಡೂ ಇರಬೇಕು, ನಿಮಿಷಗಳಲ್ಲಿ ಫಲಿತಾಂಶ ಕೊಡುವ ಕಾರ್ಡ್ ಪರೀಕ್ಷೆಯೂ ಜೊತೆಗಿದ್ದರೆ ಒಳ್ಳೆಯದು. ಇಷ್ಟಕ್ಕೂ, ವರ್ಷಕ್ಕೊಂದು ಮಲೇರಿಯಾ ಸ್ಲೈಡ್ ಕೂಡ ಕಾಣದ ಪ್ರಯೋಗಾಲಯದಲ್ಲಿ ಅದನ್ನು ಗುರುತಿಸುವ ಕಣ್ಣಿನ ಅಭ್ಯಾಸವೇ ತಪ್ಪಿಹೋಗಿರುತ್ತದೆ. ಮಂಡ್ಯದಲ್ಲಿ ಆ ಲೇಪನ ನೋಡಿದ ಪ್ರಯೋಗಾಲಯದ ಹುಡುಗಿಯನ್ನು ನಾನು ದೂರುವುದಿಲ್ಲ.

ಐದನೆಯ ದಿನ ತಮ್ಮನ ಕಣ್ಣು ಹಳದಿಯಾಯಿತು, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಆರನೆಯ ದಿನ ಬೆಳಗಿನ ಜಾವ ಅಮ್ಮನನ್ನು ನೋಡಿ "ಶಿಫ್ಟ್ ಮುಗೀತಾ?" ಎಂದು ಕೇಳಿದ. ತಕ್ಷಣ ಮೈಸೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಯಂತ್ರ ತೋರಿಸಿದ ಪ್ಲೇಟ್‌ಲೆಟ್ ಸಂಖ್ಯೆ ತೀರಾ ಕಡಿಮೆ ಇದ್ದುದರಿಂದ ಅಲ್ಲಿನ ತಂತ್ರಜ್ಞರು ಅದನ್ನು ಕೈಯಾರೆ ಎಣಿಸಲು ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರಂತೆ. ಮಂಗಳೂರಿನಲ್ಲಿ ವರ್ಷಗಟ್ಟಲೆ ಮಲೇರಿಯಾ ಸ್ಲೈಡ್‌ಗಳನ್ನೇ ನೋಡಿ ಬಂದಿದ್ದ ಅವರಿಗೆ ಕೆಂಪು ರಕ್ತಕಣಗಳೊಳಗಿನ ಸಣ್ಣ ಉಂಗುರಗಳು ಎರಡು ನಿಮಿಷದಲ್ಲಿ ಕಂಡವು. ನೂರು ಕಣಗಳಲ್ಲಿ ಆರರಲ್ಲಿ ರೋಗಾಣು ಇತ್ತು. ಅವರು ವಾರ್ಡಿಗೇ ನಡೆದು ಬಂದು ನನ್ನನ್ನು ಕೇಳಿದರು: "ಮೇಡಂ, ಇವರು ಎಲ್ಲಿಂದ ಬಂದಿದ್ದಾರೆ?"

ಆರು ದಿನಗಳಲ್ಲಿ ಉಗಾಂಡಾ ಎಂಬ ಪದ ನಮ್ಮ ಬಾಯಿಂದ ಹೊರಟದ್ದು ಅದೇ ಮೊದಲು.

ವೈದ್ಯರು ಕೇಳಲಿಲ್ಲ, ನಿಜ. ನಾವೇಕೆ ಹೇಳಲಿಲ್ಲ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಹೊರಡುವ ಮುನ್ನ ಹಳದಿ ಜ್ವರದ ಲಸಿಕೆ ಹಾಕಿಸಿದ್ದರಿಂದ ಎಲ್ಲ ಜ್ವರಕ್ಕೂ ರಕ್ಷಣೆ ಆಯಿತೆಂದು ಅಮ್ಮ ನಂಬಿದ್ದರು. ಆ ಲಸಿಕೆಗೂ ಮಲೇರಿಯಾಕ್ಕೂ ಸಂಬಂಧವಿಲ್ಲ. ತಮ್ಮನಿಗೆ ಅಲ್ಲಿ ಎರಡು ಸಲ ಮಲೇರಿಯಾ ಬಂದು ಹೋಗಿತ್ತು. "ಅಲ್ಲಿ ಅದು ನಮ್ಮೂರಿನ ನೆಗಡಿ ಇದ್ದ ಹಾಗೆ ಕಣಕ್ಕ" ಎಂದು ಫೋನಿನಲ್ಲಿ ನಗುತ್ತಿದ್ದ. ಅಲ್ಲೇ ಹುಟ್ಟಿ ಬೆಳೆದವರಿಗೆ ಬಾಲ್ಯದಿಂದ ಒದಗುವ ಭಾಗಶಃ ನಿರೋಧಶಕ್ತಿ ಎರಡು ವರ್ಷ ಇದ್ದು ಬಂದವನಿಗೆ ಒದಗುವುದಿಲ್ಲವೆಂದು ಅವನಿಗಾಗಲಿ ನಮಗಾಗಲಿ ತಿಳಿದಿರಲಿಲ್ಲ. ಪಾಸ್‌ಪೋರ್ಟ್ ಹುಡುಕಲು ಅವನ ಸೂಟ್‌ಕೇಸ್ ತೆರೆದರೆ, ಅಲ್ಲಿಂದ ತಂದಿದ್ದ ಮಲೇರಿಯಾ ಔಷಧ ಆರ್ಟಿಮೀಥರ್-ಲುಮೆಫ್ಯಾಂಟ್ರಿನ್‌ನ 24 ಮಾತ್ರೆಗಳ ಪೊಟ್ಟಣ ಒಡೆಯದೆ ಹಾಗೆಯೇ ಇತ್ತು. ಪಕ್ಕದ ಕೋಣೆಯಲ್ಲಿ ನಾವು ಪರಂಗಿ ಎಲೆ ಅರೆಯುತ್ತಿದ್ದೆವು.

ತೀವ್ರ ಮಲೇರಿಯಾಕ್ಕೆ ಕೊಡುವ ಆರ್ಟಿಸುನೇಟ್ ಚುಚ್ಚುಮದ್ದು ಮೈಸೂರಿನ ಆ ಆಸ್ಪತ್ರೆಯಲ್ಲಿ ದಾಸ್ತಾನಿರಲಿಲ್ಲ, ತರಿಸಲು ಎರಡು ಗಂಟೆ ಹಿಡಿಯಿತು. ತೀವ್ರ ನಿಗಾ ಘಟಕದಲ್ಲಿ ಒಂಬತ್ತು ದಿನ, ನಾಲ್ಕು ಡಯಾಲಿಸಿಸ್. ಮನೆಗೆ ಬಂದ ಮೇಲೂ ಮೂರನೆಯ ವಾರ ಹಿಮೋಗ್ಲೋಬಿನ್ ಮತ್ತೆ ಕುಸಿಯಿತು. ಆರ್ಟಿಸುನೇಟ್ ಪಡೆದ ಕೆಲವರಲ್ಲಿ ಹೀಗೆ ತಡವಾಗಿ ರಕ್ತಕಣಗಳು ಒಡೆಯುವುದರಿಂದ ನಾಲ್ಕು ವಾರಗಳವರೆಗೆ ವಾರಕ್ಕೊಮ್ಮೆ ರಕ್ತ ನೋಡಿಸಬೇಕು.

ಇದು ನಮ್ಮ ಒಂದು ಮನೆಯ ಕಥೆಯಾಗಿ ಉಳಿಯಲಾರದು ಎಂಬ ಭಯದಿಂದಲೇ ಬರೆಯುತ್ತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ 26.3 ಕೋಟಿ ಮಲೇರಿಯಾ ಪ್ರಕರಣಗಳಿದ್ದು, ಅವುಗಳಲ್ಲಿ ನೂರಕ್ಕೆ 94ರಷ್ಟು ಆಫ್ರಿಕಾ ವಲಯದವು. ಅದೇ ವರ್ಷ ಸೂಡಾನಿನ ಯುದ್ಧದಲ್ಲಿ ನಮ್ಮ ಹಕ್ಕಿಪಿಕ್ಕಿ ಸಮುದಾಯದವರು ಸಿಲುಕಿದಾಗಲಷ್ಟೇ, ಕರ್ನಾಟಕದ ಸಣ್ಣ ಊರುಗಳಿಂದಲೂ ಜನ ಆ ಕಡೆ ಹೋಗಿಬರುತ್ತಾರೆಂದು ಅನೇಕರಿಗೆ ತಿಳಿಯಿತು. ಹೋಗಿಬಂದವರಿಗೆ ಜ್ವರ ಬಂದರೆ, ಅದು ಮರಳಿದ ವಾರವೇ ಆಗಲಿ, ಮೂರು ತಿಂಗಳ ನಂತರವೇ ಆಗಲಿ, ಆಸ್ಪತ್ರೆಯ ಹೊಸ್ತಿಲು ದಾಟುತ್ತಲೇ ದೇಶದ ಹೆಸರು, ಮರಳಿದ ತಾರೀಖು ಎರಡನ್ನೂ ಹೇಳಿ, ಅಂದೇ ಪರೀಕ್ಷೆ ಮಾಡಿಸಿ ಅಂದೇ ಫಲಿತಾಂಶ ಕೇಳಿ. ವೈವ್ಯಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾ ಆದರೆ ಯಕೃತ್ತಿನಲ್ಲಿ ಅಡಗಿದ್ದು ವರ್ಷದ ಮೇಲೂ ಮರುಕಳಿಸಬಹುದು. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಲೇಪನಕ್ಕೆ ಕಾಸು ಕೊಡಬೇಕಿಲ್ಲ.

ತಮ್ಮ ಇನ್ನೂ ಆಸ್ಪತ್ರೆಯಲ್ಲಿದ್ದಾಗ ಆರೋಗ್ಯ ಇಲಾಖೆಯ ಸಹಾಯಕಿಯೊಬ್ಬರು ಮನೆಗೆ ಬಂದು, ನೀರಿನ ತೊಟ್ಟಿಗೆ ಟಾರ್ಚ್ ಬಿಟ್ಟು ಲಾರ್ವಾ ಹುಡುಕಿ, ಬೀದಿಯಲ್ಲಿ ಜ್ವರ ಇದ್ದವರ ಬೆರಳು ಚುಚ್ಚಿ ಸ್ಲೈಡ್ ತೆಗೆದುಕೊಂಡರು. ಆಮೇಲೆ ಜಗಲಿಯ ಮೇಲೆ ಕೂತು ನಮೂನೆ ತುಂಬತೊಡಗಿದರು. ಹೆಸರು, ವಯಸ್ಸು ಬರೆದುಕೊಂಡು, ತಲೆಯೆತ್ತದೆಯೇ ಕೇಳಿದರು: "ಈಚೆಗೆ ಯಾವುದಾದರೂ ಹೊರಗಿನ ಊರಿಗೆ ಹೋಗಿದ್ದರಾ ಅಮ್ಮಾ?"